ಆವರಣ ಚಿಹ್ನೆಯ ಬೆಲೆ

ಖಾತೆಪುಸ್ತಕವಿದ್ದ ಅನೇಕ ಗಲ್ಲಾಗಳಲ್ಲಿ ಇಂದು ಎಕ್ಸೆಲ್ ನೆಲೆಸಿದೆ. ಅದರ ಸೂತ್ರವು ಸಮಚಿಹ್ನೆಯಿಂದ (=) ಮೊದಲಾಗುತ್ತದೆ; ಗುಣಾಕಾರಕ್ಕೆ ನಕ್ಷತ್ರ (*), ಭಾಗಾಕಾರಕ್ಕೆ ಓರೆಗೆರೆ (/). ಆದರೆ ಯಂತ್ರವು ಎಡದಿಂದ ಬಲಕ್ಕೆ ಬರೆದಂತೆಯೇ ಎಣಿಸುತ್ತ ಹೋಗುವುದಿಲ್ಲ. ಗುಣಾಕಾರ, ಭಾಗಾಕಾರಗಳನ್ನು ಮೊದಲು ಮುಗಿಸಿ, ಬಳಿಕವೇ ಕೂಡುತ್ತದೆ, ಕಳೆಯುತ್ತದೆ. ಆವರಣದೊಳಗಿನದಕ್ಕೆ ಮಾತ್ರ ಎಲ್ಲಕ್ಕಿಂತ ಮೊದಲ ಸ್ಥಾನ.

ಒಂದು ಉದಾಹರಣೆಯನ್ನು ನೋಡೋಣ. ಗಂಟೆಗೆ 75 ರೂಪಾಯಿಯಂತೆ ಒಬ್ಬನು ಬೆಳಿಗ್ಗೆ 5 ಗಂಟೆ, ಸಂಜೆ 3 ಗಂಟೆ ದುಡಿದನೆನ್ನಿ. =5+3*75 ಎಂದು ಬರೆದರೆ ಬರುವುದು 230; =(5+3)*75 ಎಂದರೆ 600. ಎರಡರಲ್ಲಿ ಯಾವುದನ್ನೂ ಯಂತ್ರವು ತಪ್ಪೆನ್ನದು. 370 ರೂಪಾಯಿಯ ನಷ್ಟ ಮಾತ್ರ ದುಡಿದವನದು.

ಗುಮಾಸ್ತ ಬಂಧುಗಳು ಆವರಣವನ್ನು ಮರೆಯದಿರಲಿ. ಕೂಲಿ ಪಡೆಯುವ ಬಂಧುಗಳು ಒಮ್ಮೆ ಬಾಯಿಲೆಕ್ಕದಿಂದ ತಾಳೆ ನೋಡಲಿ ಎಂಬುದೇ ನಮ್ಮ ವಿನಂತಿ.