ತಾಲ್ಲೂಕು ಕಾಲೇಜಿನಿಂದ ಇತಿಹಾಸದ ಎಂ.ಎ.ಗೆ

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಹಳ್ಳಿ ಮಕ್ಕಳು ಪಿಯುಸಿ ಮುಗಿಸಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದರೆ ಅವರ ವಿಷಯಗಳಲ್ಲಿ ಇತಿಹಾಸ ಇದ್ದೇ ಇರುತ್ತದೆ ಎನ್ನಬಹುದು. ಎಚ್‌ಇಪಿ ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಎಚ್‌ಇಕೆ ಅಂದರೆ ರಾಜ್ಯಶಾಸ್ತ್ರದ ಜಾಗದಲ್ಲಿ ಐಚ್ಛಿಕ ಕನ್ನಡ. ಇಷ್ಟು ಮಂದಿ ಇತಿಹಾಸ ಓದಿದರೂ ಅದನ್ನೇ ಹಿಡಿದು ವಿಶ್ವವಿದ್ಯಾಲಯದ ತನಕ ಹೋಗುವವರು ತೀರಾ ಕಡಿಮೆ. ನಾನು ರಾಮಗಿರಿಯವನು, ಇದೇ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ನನ್ನ ತರಗತಿಯಲ್ಲಿ ಜಾಣ ಮಕ್ಕಳಿಗೆ ಬರವಿಲ್ಲ. ಹೋಗುವ ದಾರಿಯನ್ನು ಹೊತ್ತಿಗೆ ಸರಿಯಾಗಿ ಹೇಳುವವರಿಲ್ಲದೆ ಅವರು ಊರಲ್ಲೇ ಉಳಿದುಬಿಡುತ್ತಾರೆ.

ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಅಂತ ಇದೆ. ಕಡಿಮೆ ಖರ್ಚಿನಲ್ಲಿ ಮನೆಯ ಹತ್ತಿರವೇ ಎರಡು ವರ್ಷ ಓದಿ, ಗಳಿಸಿದ ಕ್ರೆಡಿಟ್ ಸಮೇತ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಬಹುದು. ನಮ್ಮಲ್ಲಿ ಪದವಿಯ ನಡುವೆ ಹಾಗೆ ದಾಟುವವರು ವಿರಳ. ಇಡೀ ಬಿ.ಎ. ತಾಲ್ಲೂಕು ಕೇಂದ್ರದಲ್ಲೇ ಮುಗಿಯುತ್ತದೆ, ಹೊಳೆ ದಾಟುವುದು ಎಂ.ಎ. ಹೊತ್ತಿಗೆ.

ಚಿತ್ರದುರ್ಗದ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿದ್ದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು, ಅಲ್ಲಿಗೆ ಸೇರಿದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆದ ಮೇಲೆ ಅದರ ವ್ಯಾಪ್ತಿಗೆ ಬಂದವು. ಇದು ಬರೀ ಹಳೆಯ ಕಥೆ ಅಲ್ಲ, ಅರ್ಜಿ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ದಾವಣಗೆರೆಯ ವ್ಯಾಪ್ತಿಯಲ್ಲಿ ಬಿ.ಎ. ಮಾಡಿದವರು ಅದೇ ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಸೇರಿದರೆ ವಲಸೆ ಪ್ರಮಾಣಪತ್ರದ ಗೋಜಿಲ್ಲ. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟಕ್ಕೋ ಮೈಸೂರಿನ ಮಾನಸಗಂಗೋತ್ರಿಗೋ ಧಾರವಾಡಕ್ಕೋ ಹೋಗುವುದಾದರೆ ಅದು ಬೇಕೇ ಬೇಕು. ದಾವಣಗೆರೆ ವಿಶ್ವವಿದ್ಯಾಲಯಕ್ಕೆ ತೋಳಹುಣಸೆಯ ಶಿವಗಂಗೋತ್ರಿಯ ಜೊತೆಗೆ ಚಿತ್ರದುರ್ಗದ ಬಳಿ ಗುಡ್ಡದರಂಗವ್ವನಹಳ್ಳಿಯಲ್ಲಿ ಜ್ಞಾನಗಂಗೋತ್ರಿ ಎಂಬ ಸ್ನಾತಕೋತ್ತರ ಕೇಂದ್ರವೂ ಇದೆ. ಯಾವ ವರ್ಷ ಯಾವ ಕೇಂದ್ರದಲ್ಲಿ ಯಾವ ವಿಷಯ, ಎಷ್ಟು ಸೀಟು ಎಂಬುದನ್ನು ಆ ವರ್ಷದ ಅಧಿಸೂಚನೆಯಲ್ಲೇ ನೋಡಬೇಕು, ಸೀನಿಯರ್ ಹೇಳಿದ್ದನ್ನು ನಂಬಿ ಕೂರಬಾರದು.

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಬಿ.ಎ. ಅಂಕಗಳ ಮೆರಿಟ್ ಮತ್ತು ಮೀಸಲಾತಿ ರೋಸ್ಟರ್ ನೋಡಿ ಕೌನ್ಸೆಲಿಂಗ್‌ನಲ್ಲಿ ಸೀಟು ಕೊಡುತ್ತಾರೆ. ಜಾತಿ-ಆದಾಯ ಪ್ರಮಾಣಪತ್ರ, ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಟಿ.ಸಿ. ಆ ದಿನಕ್ಕೆ ಕೈಯಲ್ಲಿರಬೇಕು. ಕೇಂದ್ರೀಯ ವಿಶ್ವವಿದ್ಯಾಲಯಗಳ ದಾರಿ ಬೇರೆ. ಕಲಬುರಗಿ ಹತ್ತಿರದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಹೈದರಾಬಾದ್, ದೆಹಲಿಯ ಜೆಎನ್‌ಯು ಇವಕ್ಕೆಲ್ಲ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಅದರ ಅರ್ಜಿ ಅಂತಿಮ ಪರೀಕ್ಷೆಗಿಂತ ತಿಂಗಳುಗಟ್ಟಲೆ ಮೊದಲೇ ಕರೆಯುತ್ತಾರೆ. ಇತಿಹಾಸದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೂ ಐದನೇ ಸೆಮಿಸ್ಟರ್‌ನಿಂದಲೇ ದಿನಕ್ಕೆರಡು ಪುಟ ಇಂಗ್ಲಿಷ್ ಇತಿಹಾಸ ಓದಿಕೊಂಡರೆ ಬರೆಯಬಹುದು.

ಇದೆಲ್ಲ ಕಾಗದದ ಕೆಲಸ, ಹೇಗೋ ಆಗುತ್ತದೆ. ಮಕ್ಕಳು ನಿಜವಾಗಿ ತತ್ತರಿಸುವುದು ಸೀಟು ಸಿಕ್ಕ ಮೇಲೆ. ಬಿ.ಎ.ಯಲ್ಲಿ ಗೈಡ್ ನೋಡಿ ಹತ್ತು ಅಂಕದ ಉತ್ತರ ಬರೆದು ಪಾಸಾದವರಿಗೆ ಎಂ.ಎ. ತರಗತಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ: ಇದನ್ನು ಯಾರು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು?

ಚಿತ್ರದುರ್ಗದ ಪಕ್ಕದ ನಮ್ಮ ಚಂದ್ರವಳ್ಳಿಯನ್ನೇ ನೋಡಿ. ಗೈಡಿನಲ್ಲಿ ಇರುವುದು ಒಂದು ಸಾಲು: ಕದಂಬರ ಮಯೂರಶರ್ಮ ಅಲ್ಲಿ ಕೆರೆ ಕಟ್ಟಿಸಿದ. ಆ ಸಾಲಿನ ಆಧಾರ ಹುಲಿಗೊಂದಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯಲ್ಲಿ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆಯಲ್ಲಿರುವ ಸಣ್ಣ ಶಾಸನ. ಅದನ್ನು ಓದಿ ಬೆಳಕಿಗೆ ತಂದವರು ಮೈಸೂರಿನ ಎಂ.ಎಚ್. ಕೃಷ್ಣ. ಕಲ್ಲು ಸವೆದಿದೆ, ಮಯೂರಶರ್ಮನ ಜೊತೆ ಬರುವ ಹೆಸರುಗಳ ಕೆಲವು ಅಕ್ಷರಗಳನ್ನು ಹೇಗೆ ಓದಬೇಕೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಒಂದು ಅಕ್ಷರ ಬದಲಾದರೆ ಅವನು ಗೆದ್ದ ನಾಡುಗಳ ಪಟ್ಟಿಯೇ ಬದಲಾಗುತ್ತದೆ.

ನಮ್ಮ ಜಿಲ್ಲೆಯ ಬ್ರಹ್ಮಗಿರಿಯದೂ ಹಾಗೆಯೇ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ ಎರಡನ್ನೂ ಅಗೆಸಿದರು. ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸಿ ನವಶಿಲಾಯುಗ, ಬೃಹತ್ ಶಿಲಾ ಸಮಾಧಿಗಳ ಕಾಲ, ಶಾತವಾಹನರ ಕಾಲ ಎಂದು ಅನುಕ್ರಮ ಕಟ್ಟಿದರು. ದಕ್ಷಿಣ ಭಾರತದ ಪ್ರಾಗಿತಿಹಾಸ ಅಲ್ಲಿಂದಲೇ ಗಟ್ಟಿ ನೆಲ ಕಂಡಿತು. ಆದರೆ ಅವರು ಅಲ್ಲಿನ ನವಶಿಲಾಯುಗಕ್ಕೆ ಕೊಟ್ಟ ಕಾಲ ಮುಂದೆ ನಿಲ್ಲಲಿಲ್ಲ. ದಕ್ಷಿಣದ ಇತರ ನೆಲೆಗಳಲ್ಲಿ ಇಂಗಾಲದ ಕಾಲನಿರ್ಣಯ ನಡೆದ ಮೇಲೆ ಆ ಸಂಸ್ಕೃತಿ ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಹೋಯಿತು. ಅಷ್ಟು ದೊಡ್ಡ ವಿದ್ವಾಂಸರ ಮಾತನ್ನೂ ಹೊಸ ಸಾಕ್ಷ್ಯ ತಿದ್ದಬಹುದು ಎಂಬ ಅರಿವು ನಮ್ಮ ಹುಡುಗ ಹುಡುಗಿಯರಿಗೆ ಬಂದ ದಿನ ಅವರು ಇತಿಹಾಸದ ವಿದ್ಯಾರ್ಥಿಗಳಾಗುತ್ತಾರೆ.

ಅದಕ್ಕೇ ನಾನು ಕೊನೆಯ ವರ್ಷದವರಿಗೆ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೇ ಸಂಪುಟ ತೆರೆದು ತೋರಿಸುತ್ತೇನೆ. ಬಿ.ಎಲ್. ರೈಸ್ ಸಂಪಾದಿಸಿದ ಚಿತ್ರದುರ್ಗ ಜಿಲ್ಲೆಯ ಶಾಸನಗಳು ಅದರಲ್ಲಿ ತಾಲ್ಲೂಕುವಾರು ಇವೆ, ಮೂಲಪಾಠ ಕನ್ನಡ ಲಿಪಿಯಲ್ಲೇ ಇದೆ. ಒಮ್ಮೆ ಹೊಳಲ್ಕೆರೆ ತಾಲ್ಲೂಕಿನ ಪುಟಗಳಲ್ಲಿ ಬೆರಳಿಟ್ಟು ಹುಡುಕುತ್ತಿದ್ದ ಹುಡುಗಿಯೊಬ್ಬಳು, "ಸಾರ್, ಇದು ನಮ್ಮೂರು!" ಎಂದು ಎದ್ದು ನಿಂತಳು. ಆ ವಾರವೇ ನಾವು ಅವಳ ಊರಿನ ಗುಡಿ ಮುಂದಿನ ಕಲ್ಲಿಗೆ ನೀರು ಹಾಕಿ ಬ್ರಷ್‌ನಿಂದ ಉಜ್ಜಿದೆವು. ಒದ್ದೆ ಕಾಗದ ಹೊದಿಸಿ, ಅಕ್ಷರದ ಗುಳಿಗೆ ಕಾಗದ ಇಳಿಯುವಂತೆ ಬ್ರಷ್‌ನಿಂದ ತಟ್ಟಿ, ಅರೆ ಒಣಗಿದ ಮೇಲೆ ಬಟ್ಟೆಯುಂಡೆಯಿಂದ ಮಸಿ ಒತ್ತಿದೆವು. ಕಪ್ಪು ನೆಲದ ಮೇಲೆ ಬಿಳಿ ಅಕ್ಷರಗಳು ಎದ್ದವು. ಅಚ್ಚಿನ ಪಾಠದ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸುತ್ತ ಅವಳು ಮಧ್ಯಾಹ್ನದ ಊಟವನ್ನೇ ಮರೆತಳು.

ಅವಳಪ್ಪ ಮೆಕ್ಕೆಜೋಳದ ರೈತರು. "ಹಿಸ್ಟ್ರೀಲಿ ಎಂ.ಎ. ಮಾಡಿದ್ರೆ ಏನ್ ಸಿಗ್ತೈತೆ ಮೇಷ್ಟ್ರೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಎಂ.ಎ. ಜೊತೆ ಬಿ.ಇಡಿ. ಇದ್ದರೆ ಪಿಯು ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕಬಹುದು. ಎಂ.ಎ.ಯಲ್ಲಿ ಶೇ. 55, ಮೀಸಲಾತಿ ವರ್ಗದವರಾದರೆ ಶೇ. 50 ಅಂಕ ಬಂದರೆ ಕೆ-ಸೆಟ್ ಅರ್ಹತಾ ಪರೀಕ್ಷೆ ಬರೆದು ಪದವಿ ಕಾಲೇಜಿಗೆ ಪ್ರಯತ್ನಿಸಬಹುದು. ಕೆ-ಸೆಟ್‌ನ ಇತಿಹಾಸ ಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಕೆಎಎಸ್ ಬರೆಯುವವರಿಗೂ ಈ ಓದು ದಂಡವಲ್ಲ. ಕೆಲಸ ನಾಳೆಯೇ ಸಿಗುತ್ತದೆ ಎಂದು ನಾನು ಅವರಿಗೆ ಹೇಳಲಿಲ್ಲ, ಹೇಳಬಾರದು ಕೂಡ.

ಖರ್ಚಿನ ಮಾತೂ ಬಂತು. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಹಾಸ್ಟೆಲ್ ಸಿಗದ ಅರ್ಹ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಮನೆಯಿಂದಲೇ ದಿನಾ ಹೋಗಿ ಬರುತ್ತೇನೆಂದು ಈಗ ಹೆಣ್ಣುಮಕ್ಕಳು ಧೈರ್ಯವಾಗಿ ಹೇಳುತ್ತಿದ್ದಾರೆ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸು ಇದೆ. ಮನೆ ಬಿಟ್ಟು ಬರಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಉಂಟು. ಆದರೆ ಸಾಧ್ಯವಿದ್ದರೆ ತರಗತಿಯಲ್ಲೇ ಕೂತು ಓದಿ ಎನ್ನುತ್ತೇನೆ. ಕಲ್ಲಿನ ಮುಂದೆ ಗುರುವಿನ ಜೊತೆ ನಿಂತು ಕಲಿಯುವ ವಿದ್ಯೆ ಅಂಚೆಯಲ್ಲಿ ಬರುವುದಿಲ್ಲ.

ಈ ವರ್ಷ ಆರನೇ ಸೆಮಿಸ್ಟರ್‌ನಲ್ಲಿರುವವರಿಗೆ, ಅವರ ಅಪ್ಪ ಅಮ್ಮಂದಿರಿಗೆ ನನ್ನ ಕೋರಿಕೆ ಇಷ್ಟೇ. ಟಿ.ಸಿ. ತಗೊಂಡು ಬೆಂಗಳೂರಿನ ಬಸ್ಸು ಹತ್ತುವ ಮೊದಲು ನಿಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರನ್ನೋ ಮೇಡಂ ಅವರನ್ನೋ ಒಮ್ಮೆ ಕಂಡು, ಎಂ.ಎ. ಅಧಿಸೂಚನೆ ಬಂದಿದೆಯೇ ಎಂದು ಕೇಳಿ.