ನಾದದ ಆಟ

ಆಟವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಗೆಲುವು ಸೋಲುಗಳ ಚಿತ್ರ. ಕಬಡ್ಡಿಯಲ್ಲಿ ಎರಡು ತಂಡಗಳುಂಟು. ಚದುರಂಗದಲ್ಲಿ ಎದುರಾಳಿಯ ರಾಜನನ್ನು ಕಟ್ಟಿಹಾಕುವ ಗುರಿಯುಂಟು. ಓಟದಲ್ಲಿ ಮುಟ್ಟಬೇಕಾದ ಗೆರೆಯುಂಟು. ತೆರೆಯ ಮೇಲೆ ಆಡುವ ವಿಡಿಯೊ ಆಟಗಳೂ ಬಹುಮಟ್ಟಿಗೆ ಇದೇ ದಾರಿಯನ್ನು ಹಿಡಿದಿವೆ. ಒಂದು ಹಂತವನ್ನು ದಾಟಿದರೆ ಇನ್ನೊಂದು ಹಂತ; ಶತ್ರುವನ್ನು ಉರುಳಿಸಿದರೆ ಇಂತಿಷ್ಟು ಅಂಕ; ತಪ್ಪಿದರೆ ಆಟ ಮುಗಿಯಿತು. ಹಾಗಾದರೆ ಗುರಿಯೂ ಹಂತವೂ ಅಂಕವೂ ಇಲ್ಲದ ಆಟವೊಂದು ಇರಲು ಸಾಧ್ಯವೇ? ಇದ್ದರೂ ಅದನ್ನು ಆಟವೆಂದು ಕರೆಯಬಹುದೇ? ಈ ಪ್ರಶ್ನೆಗೆ ಮಾತಿನಿಂದಲ್ಲದೆ ತಮ್ಮ ಕೃತಿಗಳಿಂದಲೇ ಉತ್ತರವನ್ನು ಹುಡುಕಿದವರು ಜಪಾನಿನ ಕಲಾವಿದ ಟೋಷಿಯೊ ಇವಾಯ್.

ಇವಾಯ್ ಅವರು 1962ರಲ್ಲಿ ಜಪಾನಿನ ಐಚಿ ಪ್ರಾಂತದಲ್ಲಿ ಜನಿಸಿದರು. ಅವರು ಬಾಲಕರಾಗಿದ್ದಾಗ ಅವರ ತಾಯಿ, ಇನ್ನು ಆಟಿಕೆಗಳನ್ನು ಕೊಂಡುಕೊಡುವುದಿಲ್ಲವೆಂದೂ ಬೇಕಾದುದನ್ನು ತಾನೇ ಮಾಡಿಕೊಳ್ಳಬೇಕೆಂದೂ ಹೇಳಿ, ಅದಕ್ಕೆ ತಕ್ಕ ಉಪಕರಣಗಳನ್ನು ಒದಗಿಸಿದರಂತೆ. ಪಠ್ಯಪುಸ್ತಕದ ಹಾಳೆಗಳ ಮೂಲೆಯಲ್ಲಿ ಒಂದಕ್ಕಿಂತ ಒಂದು ತುಸುವೇ ಬೇರೆಯಾದ ಚಿತ್ರಗಳನ್ನು ಬರೆದು, ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರನೆ ಮಗುಚಿ, ಚಿತ್ರವು ಚಲಿಸುವುದನ್ನು ಕಂಡು ಹಿಗ್ಗುವುದು ಅವರ ಹವ್ಯಾಸವಾಗಿತ್ತು. ಮುಂದೆ ತ್ಸುಕುಬ ವಿಶ್ವವಿದ್ಯಾನಿಲಯದಲ್ಲಿ ಕಲೆಯನ್ನು ಅಭ್ಯಾಸ ಮಾಡಿದ ಅವರಿಗೆ, ಕೈಯ ಚಲನೆಯಿಂದ ಚಿತ್ರವು ಜೀವತಳೆಯುವಂತೆ ನಾದವೂ ಜೀವತಳೆಯಬಾರದೇಕೆ ಎಂಬ ಕುತೂಹಲ ಹುಟ್ಟಿತು.

ಈ ಕುತೂಹಲದ ಮೊದಲ ಫಲಗಳಲ್ಲೊಂದು 1987ರಲ್ಲಿ ಪ್ರಕಟವಾದ 'ಒಟಾಕಿ' ಎಂಬ ವಿಡಿಯೊ ಆಟ. ಇದರಲ್ಲಿ ಆಟಗಾರನು ಎಂಟು ದಿಕ್ಕುಗಳಲ್ಲಿ ಚೆಂಡನ್ನು ಎಸೆಯಬಹುದು. ದಿಕ್ಕು ಬದಲಾದಂತೆ ಸ್ವರವೂ ಬದಲಾಗುತ್ತದೆ. ಗುಂಡಿಯನ್ನು ಒತ್ತಿದ ಗಳಿಗೆ ತಾಳಕ್ಕೆ ಸರಿಹೊಂದದಿದ್ದರೆ, ಯಂತ್ರವು ಆ ಸ್ವರವನ್ನು ತಾಳದೊಡನೆ ಹೊಂದಿಸಿ ನುಡಿಸುತ್ತದೆ. ಆದುದರಿಂದ ಹೇಗೆ ಆಡಿದರೂ ಸಂಗೀತವು ತಾಳ ತಪ್ಪುವುದಿಲ್ಲ. ಆದರೂ ಒಟಾಕಿಯಲ್ಲಿ ಹಂತಗಳಿದ್ದವು, ಎದುರಾಳಿಗಳಿದ್ದರು. ಸಂಗೀತವು ಆಟದ ಜೊತೆಗೆ ನಡೆಯುತ್ತಿತ್ತೇ ಹೊರತು ಅದೇ ಆಟವಾಗಿರಲಿಲ್ಲ.

1990ರ ದಶಕದ ಆರಂಭದಲ್ಲಿ ಇವಾಯ್ ಅವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ 'ಎಕ್ಸ್‌ಪ್ಲೊರೇಟೋರಿಯಂ' ಎಂಬ ವಿಜ್ಞಾನ ಸಂಗ್ರಹಾಲಯಕ್ಕಾಗಿ 'ಸಂಗೀತದ ಕೀಟಗಳು' ಎಂಬ ಅರ್ಥದ ಹೆಸರುಳ್ಳ ಕೃತಿಯನ್ನು ರಚಿಸಿದರು. ತೆರೆಯ ಮೇಲೆ ಕೆಲವು ಕೀಟಗಳು ಸಾಗುತ್ತಿರುತ್ತವೆ. ನೋಡುಗರು ಅವುಗಳ ದಾರಿಯಲ್ಲಿ ಬಣ್ಣದ ಚುಕ್ಕೆಗಳನ್ನಿಟ್ಟರೆ, ಕೀಟವು ಚುಕ್ಕೆಯನ್ನು ತುಳಿದಾಗ ಸ್ವರವು ಹೊಮ್ಮುತ್ತದೆ. ಚಿತ್ರ ಬರೆದಂತೆ ಸಂಗೀತವು ಹುಟ್ಟುತ್ತದೆ. ಸಂಗೀತವನ್ನು ಕೇಳಿದಂತೆ ಚಿತ್ರವನ್ನು ತಿದ್ದಬೇಕೆನಿಸುತ್ತದೆ. ಈ ಕಲ್ಪನೆಯೇ ಬೆಳೆದು 1996ರಲ್ಲಿ 'ಸಿಮ್‌ಟ್ಯೂನ್ಸ್' ಎಂಬ ಹೆಸರಿನಿಂದ ಮನೆಯ ಕಂಪ್ಯೂಟರುಗಳಿಗೂ ಬಂದಿತು. ಇಲ್ಲಿ ಗೆಲ್ಲಬೇಕಾದವರು ಯಾರೂ ಇರಲಿಲ್ಲ.

ಈ ದಾರಿಯಲ್ಲಿ ಇವಾಯ್ ಅವರ ಅತ್ಯಂತ ಪ್ರಸಿದ್ಧ ಕೃತಿ 2005ರಲ್ಲಿ ಜಪಾನಿನಲ್ಲಿ ಹೊರಬಂದ 'ಎಲೆಕ್ಟ್ರೋಪ್ಲಾಂಕ್ಟನ್'. ನೀರಿನ ಸೆಳೆತಕ್ಕೆ ಮೈಯೊಡ್ಡಿ ತೇಲುವ ಜೀವಿಗಳಿಗೆ ಪ್ಲವಕಗಳೆಂದು ಹೆಸರು. ಬರಿಯ ಕಣ್ಣಿಗೆ ಕಾಣದ ಅಂತಹ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಆಗುವ ವಿಸ್ಮಯವೇ ಈ ಕೃತಿಯ ಬೀಜ. ನಿಂಟೆಂಡೊ ಸಂಸ್ಥೆಯು ತಯಾರಿಸಿದ, ಅಂಗೈಯಲ್ಲಿ ಹಿಡಿಯಬಹುದಾದ 'ಡಿಎಸ್' ಎಂಬ ಯಂತ್ರಕ್ಕಾಗಿ ಇದು ರಚಿತವಾಯಿತು. ಆ ಯಂತ್ರಕ್ಕೆ ಎರಡು ತೆರೆಗಳು. ಕೆಳಗಿನದು ಸ್ಪರ್ಶಕ್ಕೆ ಸ್ಪಂದಿಸುವಂಥದು. ಜೊತೆಗೆ ಧ್ವನಿಯನ್ನು ಗ್ರಹಿಸುವ ಮೈಕೂ ಉಂಟು.

ಎಲೆಕ್ಟ್ರೋಪ್ಲಾಂಕ್ಟನ್‌ನಲ್ಲಿ ಹತ್ತು ಬಗೆಯ ಕಾಲ್ಪನಿಕ ಪ್ಲವಕಗಳಿವೆ. ಒಂದು ಬಗೆಯವು, ಕಡ್ಡಿಯಿಂದ ಎಳೆದ ಗೆರೆಯನ್ನು ಹಿಂಬಾಲಿಸುತ್ತ ಹಾಡುತ್ತವೆ. ಇನ್ನೊಂದು ಬಗೆಯವು ನೀರಿನ ಮೇಲೆ ಚಿಮ್ಮಿ ಗಿಡದ ಎಲೆಗಳಿಗೆ ಬಡಿದು ಪುಟಿಯುತ್ತವೆ; ಎಲೆಗೆ ತಾಗಿದಾಗಲೆಲ್ಲ ಒಂದು ಸ್ವರ ಹೊರಡುತ್ತದೆ. ಎಲೆಯನ್ನು ಓರೆಯಾಗಿ ತಿರುಗಿಸಿದರೆ ಪುಟಿಯುವ ದಿಕ್ಕು ಬದಲಾಗಿ ರಾಗದ ನಡೆಯೂ ಬದಲಾಗುತ್ತದೆ. ಮತ್ತೊಂದು ಬಗೆಯ ಮೀನಿನಂತಹ ಪ್ಲವಕಗಳು ಆಟಗಾರನ ಧ್ವನಿಯನ್ನೇ ನುಂಗಿ, ತಾಳಕ್ಕೆ ಸರಿಯಾಗಿ ಮತ್ತೆ ಮತ್ತೆ ಉಸುರುತ್ತವೆ. ವೇಗದಲ್ಲಿ ಒಂದನ್ನೊಂದು ಹೋಲದ ನಾಲ್ಕು ಪ್ಲವಕಗಳು ಬಾಣದ ಗುರುತುಗಳು ತೋರಿದತ್ತ ಸಾಗುವ ಬಗೆಯೂ ಒಂದುಂಟು. ಆಟಗಾರನು ಬಾಣಗಳನ್ನು ಮಾತ್ರ ತಿರುಗಿಸುತ್ತಾನೆ. ಉಳಿದುದನ್ನು ಪ್ಲವಕಗಳೇ ನೋಡಿಕೊಳ್ಳುತ್ತವೆ.

ಇಷ್ಟು ಸರಳವಾದ ಏರ್ಪಾಡಿನಿಂದ ಬಗೆಬಗೆಯ ಸಂಗೀತ ಹೊರಡುವುದು ಹೇಗೆ? ಇದರ ಗುಟ್ಟು ಗಣಿತದಲ್ಲಿದೆ. 3, 4 ಮತ್ತು 5 ಮಾತ್ರೆಗಳಲ್ಲಿ ಒಂದೊಂದು ಸುತ್ತನ್ನು ಮುಗಿಸುವ ಮೂರು ಜೀವಿಗಳು ಒಟ್ಟಿಗೆ ಹೊರಟವೆಂದು ಭಾವಿಸೋಣ. ಅವು ಮೂರೂ ಮತ್ತೆ ಒಟ್ಟಿಗೆ ಹೊರಟ ಸ್ಥಾನವನ್ನು ಸೇರುವುದು ಈ ಸಂಖ್ಯೆಗಳ ಲಘುತಮ ಸಾಮಾನ್ಯ ಅಪವರ್ತ್ಯವಾದ 60ನೆಯ ಮಾತ್ರೆಯ ಕೊನೆಯಲ್ಲಿ. ಅಲ್ಲಿಯವರೆಗೆ ಅವುಗಳ ಸ್ವರಗಳು ಗಳಿಗೆಗೊಂದು ರೀತಿಯಲ್ಲಿ ಕೂಡಿ ಅಗಲುತ್ತಿರುತ್ತವೆ. ರಚನಕಾರನು ಕೊಟ್ಟಿರುವುದು ಹಾಡನ್ನಲ್ಲ, ಹಾಡು ಹುಟ್ಟುವ ನಿಯಮವನ್ನು. ಆ ನಿಯಮದೊಳಗೆ ಏನಾಗುವುದೆಂದು ಹುಡುಕುವುದೇ ಆಟ.

ಆದರೆ ಈ ಕೃತಿಯನ್ನು ಎಲ್ಲರೂ ಒಪ್ಪಲಿಲ್ಲ. ಗುರಿಯಿಲ್ಲದ ಮೇಲೆ ಬೇಗನೆ ಬೇಸರ ಬರುವುದೆಂದು ಕೆಲವು ವಿಮರ್ಶಕರು ಹೇಳಿದರು. ನುಡಿಸಿದ ಸಂಗೀತವನ್ನು ಯಂತ್ರದಲ್ಲಿ ಉಳಿಸಿಕೊಳ್ಳುವ ಸೌಕರ್ಯವಿಲ್ಲದಿರುವುದೂ ಆಕ್ಷೇಪಕ್ಕೆ ಗುರಿಯಾಯಿತು. ಈ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ವೀಣೆಯನ್ನು ಕಲಿಯುವವರು ವರ್ಷಗಟ್ಟಲೆ ಸಾಧನೆ ಮಾಡಬೇಕು. ತಪ್ಪಿದರೆ ಅಪಸ್ವರ ಅವರ ಕಿವಿಯನ್ನೇ ಚುಚ್ಚುತ್ತದೆ. ತಪ್ಪಲು ಅವಕಾಶವೇ ಇಲ್ಲದೆಡೆ ಅಂತಹ ಸಾಧನೆಗೂ ಅವಕಾಶ ಕಡಿಮೆ. ಆದರೆ ಸಾಧನೆಗೆ ಮೊದಲು ಆಸಕ್ತಿ ಹುಟ್ಟಬೇಕಲ್ಲವೆ? ಸೋಲುವ ಅಂಜಿಕೆಯಿಲ್ಲದಾಗ ಕೈ ತಾನಾಗಿ ಮುಂದೆ ಬರುತ್ತದೆ. ಅಂಕವನ್ನು ಎಣಿಸುವ ಕೆಲಸವಿಲ್ಲದಾಗ ಕಿವಿ ತಾನಾಗಿ ತೆರೆಯುತ್ತದೆ. ಇವಾಯ್ ಅವರು ಯಮಾಹಾ ಸಂಸ್ಥೆಯೊಡನೆ ಕೂಡಿ ರೂಪಿಸಿದ 'ಟೆನೋರಿ-ಆನ್' ಎಂಬ ವಾದ್ಯವು 2007ರಲ್ಲಿ ಮಾರಾಟಕ್ಕೆ ಬಂದಿತು. ಅದರ ಮೇಲೆ ಸಾಲಿಗೆ 16ರಂತೆ 16 ಸಾಲುಗಳಲ್ಲಿ 256 ಬೆಳಗುವ ಗುಂಡಿಗಳಿವೆ. ಅವುಗಳನ್ನು ಒತ್ತಿ ಬೆಳಕಿನ ವಿನ್ಯಾಸವನ್ನು ಮಾಡಿದರೆ ಅದೇ ಸಂಗೀತವಾಗುತ್ತದೆ. ಇದನ್ನು ಸಂಗೀತಗಾರರು ವೇದಿಕೆಯ ಮೇಲೂ ನುಡಿಸಿದ್ದಾರೆ. ಆಟಿಕೆಗೂ ವಾದ್ಯಕ್ಕೂ ನಡುವೆ ಇರುವ ಗೆರೆ ನಾವು ತಿಳಿದಷ್ಟು ದಪ್ಪವಾಗಿಲ್ಲವೆಂಬುದಕ್ಕೆ ಇದು ನಿದರ್ಶನ.

ಇಂಗ್ಲಿಷಿನಲ್ಲಿ ಚೆಂಡನ್ನು ಆಡುವುದಕ್ಕೂ ವಾದ್ಯವನ್ನು ನುಡಿಸುವುದಕ್ಕೂ ಒಂದೇ ಕ್ರಿಯಾಪದ. ಕನ್ನಡವು ಇವೆರಡನ್ನೂ ಬೇರೆಯಾಗಿಟ್ಟಿದೆ. ವಾದ್ಯವನ್ನು ನಾವು ಆಡುವುದಿಲ್ಲ, ನುಡಿಸುತ್ತೇವೆ, ಎಂದರೆ ಅದು ಮಾತನಾಡುವಂತೆ ಮಾಡುತ್ತೇವೆ. ಆದರೆ 'ಆಟ' ಎಂಬ ನಮ್ಮ ಪದವೂ ಸಂಕುಚಿತವಾದುದಲ್ಲ. ಕರಾವಳಿಯ ಜನರು ಯಕ್ಷಗಾನವನ್ನು 'ಆಟ'ವೆಂದೇ ಕರೆಯುತ್ತಾರೆ. ಇರುಳೆಲ್ಲ ನಡೆದ ಆಟ ಮುಗಿದು ಬೆಳಗಾದಾಗ, ಗೆದ್ದವರು ಯಾರೆಂದು ನೋಡುಗರು ಯಾರೂ ಅಂಕಗಳನ್ನು ಲೆಕ್ಕಹಾಕುವುದಿಲ್ಲ. ಕಂಡ ನೋಟವೂ ಕೇಳಿದ ಹಾಡೂ ಮನಸ್ಸಿನಲ್ಲಿ ಉಳಿಯುತ್ತವೆ.

ಅಂಕಗಳಿಗೆ ಅವುಗಳದೇ ಆದ ಸ್ಥಾನವುಂಟು. ಕಲಿತದ್ದೆಷ್ಟು, ಕಲಿಯಬೇಕಾದುದೆಷ್ಟು ಎಂಬುದನ್ನು ಅವು ತಿಳಿಸುತ್ತವೆ. ಆದರೆ ಪಠ್ಯಪುಸ್ತಕದ ಮೂಲೆಯಲ್ಲಿ ಚಿತ್ರ ಬರೆದ ಬಾಲಕನಿಗೆ ಆ ಚಿತ್ರಕ್ಕಾಗಿ ಯಾರೂ ಅಂಕ ಕೊಟ್ಟಿರಲಾರರು. ಅದು ಚಲಿಸಿತು ಎಂಬ ಸಂತೋಷವೇ ಅವನಿಗೆ ಸಾಕಾಗಿತ್ತು. ಆ ಸಂತೋಷವನ್ನು ಇತರರಿಗೂ ಹಂಚಲು ಅವನು ಬೆಳೆದು ಮಾಡಿದ ಆಟಿಕೆಗಳೇ ಈ ನಾದದ ಆಟಗಳು.