ತುಕ್ಕಿಗೆ ತುಕ್ಕೇ ಕಾವಲು

ಬಾಗಲಕೋಟೆ ಸೀಮೆಗೂ ಆಯುಧಕ್ಕೂ ಹಳೆಯ ನಂಟು. 1857ರಲ್ಲಿ ಆಯುಧ ಒಪ್ಪಿಸೆವೆಂದು ಕುಂಪಣಿ ಸರಕಾರದ ಎದುರು ನಿಂತು ಊರನ್ನೇ ಬೆಂಕಿಗೆ ಕಳೆದುಕೊಂಡ ಹಲಗಲಿಯ ಬೇಡರು ಇದೇ ಸೀಮೆಯ ತುಳಸಿಗೇರಿ ಕಡೆಯವರೇ. ಈಗ ಇಲ್ಲಿ ಬಂದೂಕೆಂದರೆ ಲೈಸೆನ್ಸ್ ಇದ್ದ ಕೆಲವರ ಮನೆಯ ಕಪಾಟಿನೊಳಗಿನ ವಸ್ತು. ಹೊಸದು ಕೊಳ್ಳುವವರನ್ನು ಕಾಡುವ ಪ್ರಶ್ನೆ ಒಂದಿದೆ: ಕಪ್ಪು-ನೀಲಿ ಮಿರುಗಿನ ‘ಬ್ಲೂಯಿಂಗ್’ ಮಾಡಿದ ನಳಿಗೆಯೋ, ಬೆಳ್ಳಗಿನ ಸ್ಟೇನ್‌ಲೆಸ್ ನಳಿಗೆಯೋ?

ಬ್ಲೂಯಿಂಗ್ ಬಣ್ಣವಲ್ಲ, ಅದೂ ಒಂದು ಬಗೆಯ ತುಕ್ಕೇ. ನಾವು ಕಾಣುವ ಕೆಂಪು ತುಕ್ಕು ಉಬ್ಬಿ, ಪುಡಿಯಾಗಿ ಉದುರುತ್ತದೆ. ಕೆಳಗಿನ ಕಬ್ಬಿಣ ಮತ್ತೆ ಗಾಳಿಗೆ ಬೀಳುತ್ತದೆ. ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಹಾಗಲ್ಲ, ಲೋಹಕ್ಕೆ ಕಚ್ಚಿ ಕೂರುತ್ತದೆ. ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನ ಕ್ಷಾರ ಮತ್ತು ನೈಟ್ರೇಟ್ ದ್ರಾವಣದಲ್ಲಿ ಉಕ್ಕನ್ನು ಮುಳುಗಿಸಿ ಈ ಪದರ ಬರಿಸುತ್ತಾರೆ. ಅದರ ದಪ್ಪ ಮೈಕ್ರಾನ್ ಲೆಕ್ಕದ್ದು, ಕೂದಲೆಳೆಗಿಂತ ಎಷ್ಟೋ ತೆಳು. ಮೈತುಂಬ ಸೂಕ್ಷ್ಮ ರಂಧ್ರಗಳು. ನಿಜವಾಗಿ ಕಾಯುವುದು ಆ ರಂಧ್ರಗಳಲ್ಲಿ ನಿಂತ ಎಣ್ಣೆ. ಎಣ್ಣೆ ಆರಿದರೆ ಬ್ಲೂಯಿಂಗ್ ಬರೀ ಚೆಂದಕ್ಕೆ.

ಹಳೆಯ ವಿಧಾನ ಇನ್ನೂ ಸೊಗಸು. ನಳಿಗೆಗೆ ಬೇಕೆಂದೇ ತುಕ್ಕು ಬರಿಸಿ, ನೀರಿನಲ್ಲಿ ಕುದಿಸುತ್ತಾರೆ. ಕೆಂಪು ಕಪ್ಪಾಗುತ್ತದೆ. ಸಡಿಲ ಪುಡಿಯನ್ನು ಉಜ್ಜಿ ತೆಗೆದು ಮತ್ತೆ ತುಕ್ಕು, ಮತ್ತೆ ಕುದಿತ. ಜೋಡುನಳಿಗೆ ಬಂದೂಕಿಗೆ ಇದೇ ಗತಿ. ಎರಡು ನಳಿಗೆಗಳನ್ನು ಕೂಡಿಸಿದ ಸೀಸ-ತವರದ ಬೆಸುಗೆಯನ್ನು ಬಿಸಿ ಕ್ಷಾರ ತಿಂದುಬಿಡುತ್ತದೆ.

ಸ್ಟೇನ್‌ಲೆಸ್ ಉಕ್ಕಿನ ಮೂಲದಲ್ಲೂ ಬಂದೂಕೇ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ರೈಫಲ್ ನಳಿಗೆಯ ಒಳಮೈ ಬೇಗ ಸವೆಯುವುದಕ್ಕೆ ಮದ್ದು ಹುಡುಕುತ್ತಿದ್ದ ಇಂಗ್ಲೆಂಡಿನ ಶೆಫೀಲ್ಡ್‌ನ ಹ್ಯಾರಿ ಬ್ರೇರ್ಲಿ 1913ರ ಆಗಸ್ಟ್‌ನಲ್ಲಿ ಸುಮಾರು 12.8 ಶೇಕಡಾ ಕ್ರೋಮಿಯಂ ಇದ್ದ ಉಕ್ಕು ಕರಗಿಸಿದ. ಆಮ್ಲಕ್ಕೂ ಜಗ್ಗದ ಆ ಉಕ್ಕು ನಳಿಗೆಗಿಂತ ಮೊದಲು ಊಟದ ಚಾಕುವಾಯಿತು! ಅದರ ಗುಟ್ಟು ಕೆಲವೇ ನ್ಯಾನೊಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪದರ. ಗೀರು ಬಿದ್ದರೆ ಗಾಳಿಯ ಆಮ್ಲಜನಕ ಹೀರಿ ತಾನೇ ಕೂಡಿಕೊಳ್ಳುತ್ತದೆ. ಬ್ಲೂಯಿಂಗ್‌ಗೆ ಈ ಶಕ್ತಿ ಇಲ್ಲ.

ಆದರೆ ಅಡುಗೆಮನೆಯ ಸ್ಟೀಲ್ ಪಾತ್ರೆ ನೋಡಿ ಬಂದೂಕನ್ನು ಅಳೆಯಬೇಡಿ. ಒಳ್ಳೆಯ ಪಾತ್ರೆಯಲ್ಲಿ 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುತ್ತದೆ. ನಳಿಗೆಯ ಉಕ್ಕಿಗೆ ಗಡಸು ಬೇಕು, ಕೊರೆಯಲೂ ಬರಬೇಕು; ಹಾಗಾಗಿ ಸಾಮಾನ್ಯವಾಗಿ ಕ್ರೋಮಿಯಂ 12-13ರ ಆಸುಪಾಸು, ಜೊತೆಗೆ ತುಸು ಗಂಧಕ. ಇದು ತುಕ್ಕು ಹಿಡಿಯುವುದು ನಿಧಾನ, ಹಿಡಿಯುವುದೇ ಇಲ್ಲವೆಂದಲ್ಲ. ಬೆವರಿನ ಉಪ್ಪು, ಕಡಲ ಗಾಳಿಯ ಕ್ಲೋರೈಡ್ ಸಣ್ಣ ಸಣ್ಣ ಕುಳಿ ಕೊರೆಯುತ್ತವೆ.

ಹಾಗಾದರೆ ಯಾವುದು ಮೇಲು? ಮಳೆಯನ್ನು ಕೇಳಬೇಕು. ಗಾಳಿಯ ತೇವ 60 ಶೇಕಡಾ ದಾಟಿದ ಮೇಲೆ ಕಬ್ಬಿಣದ ತುಕ್ಕು ಚುರುಕಾಗುತ್ತದೆ. ಬಾಗಲಕೋಟೆಗೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ರೈತ ಖುಷಿ. ಕೊಡಗಿನ ಮಡಿಕೇರಿಯಲ್ಲಿ ಅದು 3,000 ಮೀರುತ್ತದೆ. ಅಲ್ಲಿನ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ. ಆಯುಧದ ಹಬ್ಬವಾದ ಕೈಲ್‌ಪೋಳ್ದ್‌ನಲ್ಲಿ ಆ ಕೋವಿಗೆ ಹೂವಿಟ್ಟು ಪೂಜೆ ಮಾಡುವುದೂ ಸೆಪ್ಟೆಂಬರಿನ ಒದ್ದೆ ದಿನಗಳಲ್ಲೇ. ಅಲ್ಲಿ ಸ್ಟೇನ್‌ಲೆಸ್‌ಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆ. ತುಳಸಿಗೇರಿಯ ಒಣಗಾಳಿಯಲ್ಲಿ, ನನ್ನ ಮಟ್ಟಿಗೆ, ಬ್ಲೂಯಿಂಗ್ ಸಾಕು. ಬಿಸಿಲಿಗೆ ಕಣ್ಣು ಕುಕ್ಕುವುದೂ ಇಲ್ಲ.

ಕರಿಮದ್ದು ಹಾಕುವ ಹಳೆಯ ಕೋವಿಯ ಮಾತು ಬೇರೆ. ಅದರ ಮಸಿಯಲ್ಲಿರುವ ಪೊಟ್ಯಾಸಿಯಂ ಲವಣಗಳು ತೇವ ಹೀರುತ್ತವೆ. ಎಣ್ಣೆಯಲ್ಲಿ ಅವು ಕರಗವು. ಮೊದಲು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ.

ಬ್ಲೂಯಿಂಗ್, ಸ್ಟೇನ್‌ಲೆಸ್ ಎರಡಕ್ಕೂ ಸಮಾನ ಶತ್ರು ಚರ್ಮದ ಚೀಲ. ತೇವ ಹಿಡಿದ ಚೀಲದಲ್ಲಿ ತಿಂಗಳುಗಟ್ಟಲೆ ಮಲಗಿಸಿದರೆ ಬ್ಲೂಯಿಂಗ್ ಕೆಂಪಾಗುತ್ತದೆ. ಸ್ಟೇನ್‌ಲೆಸ್‌ಗೂ ಪದರ ಕೂಡಿಸಿಕೊಳ್ಳಲು ಆಮ್ಲಜನಕ ಸಿಗದು. ಒಣ ಕಪಾಟು ಒಳ್ಳೆಯದು. ಎಣ್ಣೆ ಜಾಸ್ತಿಯಾದರೂ ಕಷ್ಟ: ಬಂದೂಕನ್ನು ನೆಟ್ಟಗೆ ನಿಲ್ಲಿಸಿದಾಗ ಅದು ಇಳಿದು ಹಿಡಿಯ ಕಟ್ಟಿಗೆಯನ್ನು ಮೆತ್ತಗಾಗಿಸುತ್ತದೆ.